ಧಾರವಾಡದ ಒಂದು ಅರ್ಜಿ

ಇಂದು ಯಾವ ಸರ್ಕಾರಿ ಶಾಲೆಯೂ ಜಾತಿಯ ಕಾರಣಕ್ಕೆ ನಿಮಗೆ ಪ್ರವೇಶ ನಿರಾಕರಿಸುವಂತಿಲ್ಲ. ಈ ಹಕ್ಕಿನ ಇತಿಹಾಸದಲ್ಲಿ ಧಾರವಾಡದ ಹುಡುಗನೊಬ್ಬನಿದ್ದಾನೆ.

ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಹಾರ್ ಸಮುದಾಯದ ಈ ಬಾಲಕ, ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು 1856ರ ಜೂನ್‌ನಲ್ಲಿ ಅರ್ಜಿ ಸಲ್ಲಿಸಿದ. ನ್ಯಾಯ ಅವನ ಕಡೆಗಿದೆಯೆಂದು ಮುಂಬಯಿ ಸರ್ಕಾರ ಒಪ್ಪಿತು. ಆದರೆ ಉಳಿದವರು ಶಾಲೆ ಬಿಟ್ಟಾರೆಂದು ಅಂಜಿ ಪ್ರವೇಶ ಕೊಡಲಿಲ್ಲ. ವಿಷಯ ಲಂಡನ್ನಿನವರೆಗೂ ಹೋಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ ತಿಳಿಸಿತು. ಬಹುಕಾಲ ಆ ಮಾತು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. 1950ರಲ್ಲಿ ನಮ್ಮ ಸಂವಿಧಾನದ 29ನೇ ವಿಧಿ ಅದನ್ನು ಹಕ್ಕಾಗಿಸಿತು.

ಅಂದು ಸರ್ಕಾರ ಅಂಜಿದ್ದು ಆ ಹುಡುಗನ ಸಹಪಾಠಿಗಳಾಗಬೇಕಿದ್ದವರಿಗೆ. ಇಂದು ಆ ಬೆಂಚುಗಳಲ್ಲಿ ಕುಳಿತವರು ನೀವು. ಬಾಗಿಲನ್ನು ಕಾನೂನು ತೆರೆದಿದೆ. ಸ್ವಲ್ಪ ಸರಿದು ಜಾಗ ಕೊಡುವುದು ನಿಮ್ಮ ಕೈಯಲ್ಲಿದೆ.