ಅನಾಮಿಕರ ಮನದ ಮಾತು ಮತ್ತು ಸಾರ್ವಜನಿಕ ಕಲೆ

ಮೆಹದಿಪಟ್ಟಣಂನಿಂದ ಚಿಲುಕೂರಿಗೆ ಹೋಗುವ ಬಸ್ಸುಗಳಲ್ಲಿ ಹರಕೆ ಹೊತ್ತವರು ಅನೇಕರಿರುತ್ತಾರೆ. ಅಲ್ಲಿನ ಬಾಲಾಜಿ ದೇವಾಲಯದಲ್ಲಿ ಹುಂಡಿಯಿಲ್ಲ. ಬೇಡಿಕೆಯನ್ನು ಮನಸ್ಸಿನಲ್ಲಿ ನೆನೆದು 11 ಪ್ರದಕ್ಷಿಣೆ, ಅದು ಈಡೇರಿದ ಮೇಲೆ 108 ಪ್ರದಕ್ಷಿಣೆ ಹಾಕುವುದು ಪದ್ಧತಿ. ಎಣಿಕೆ ತಪ್ಪದಿರಲೆಂದು ಅಂಕಿಗಳನ್ನು ಮುದ್ರಿಸಿದ ಚೀಟಿಯ ಮೇಲೆ ಗುರುತು ಹಾಕುತ್ತಾರೆ. ನೂರಾರು ಜನರ ನಡುವೆ ನಡೆದರೂ ಬೇಡಿಕೆ ಏನೆಂಬುದು ಯಾರಿಗೂ ತಿಳಿಯುವುದಿಲ್ಲ.

ಜನರ ನಡುವೆಯೇ ಗುಟ್ಟನ್ನು ಹಗುರಮಾಡಿಕೊಳ್ಳುವ ಈ ಅವಕಾಶವನ್ನು ಕೆಲವು ಕಲಾವಿದರು ಬೇರೊಂದು ರೀತಿಯಲ್ಲಿ ಒದಗಿಸಿದ್ದಾರೆ. ಅವರು ಸಾರ್ವಜನಿಕ ಸ್ಥಳದಲ್ಲಿ ಒಂದು ಪ್ರಶ್ನೆಯನ್ನಿಡುತ್ತಾರೆ; ಬಂದವರು ಹೆಸರು ಹೇಳದೆ ಉತ್ತರಿಸುತ್ತಾರೆ; ಆ ಉತ್ತರಗಳೇ ಕಲಾಕೃತಿಯಾಗುತ್ತವೆ.

ಅಮೆರಿಕದ ಕಲಾವಿದೆ ಕ್ಯಾಂಡಿ ಚಾಂಗ್ ಆಪ್ತರೊಬ್ಬರನ್ನು ಕಳೆದುಕೊಂಡ ದುಃಖದಲ್ಲಿ, 2011ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಪಾಳುಮನೆಯೊಂದರ ಗೋಡೆಗೆ ಕರಿಹಲಗೆಯ ಬಣ್ಣ ಬಳಿದು, ಸಾಯುವ ಮುನ್ನ ಏನು ಮಾಡಬಯಸುವಿರಿ ಎಂದು ದಾರಿಹೋಕರನ್ನು ಕೇಳಿದರು. ಪಕ್ಕದಲ್ಲಿ ಸೀಮೆಸುಣ್ಣವಿತ್ತು. ಅಂತಹ ಗೋಡೆಗಳು ಮುಂದೆ 75ಕ್ಕೂ ಹೆಚ್ಚು ದೇಶಗಳಲ್ಲಿ ತಲೆಯೆತ್ತಿದವು. 2012ರಲ್ಲಿ ಲಾಸ್ ವೇಗಸ್‌ನಲ್ಲಿ ಅವರು ಪರದೆಯ ಮರೆಯ ಕೋಣೆಗಳನ್ನು ನಿರ್ಮಿಸಿ, ತಪ್ಪೊಪ್ಪಿಗೆಗಳನ್ನು ಮರದ ಫಲಕಗಳ ಮೇಲೆ ಬರೆಸಿ ಗೋಡೆಗೆ ತೂಗುಹಾಕಿದರು. ಹರಕೆ ಬರೆದ ಫಲಕಗಳನ್ನು ಕಟ್ಟುವ ಜಪಾನಿನ ಶಿಂಟೋ ಗುಡಿಗಳ ಸಂಪ್ರದಾಯ ಇದಕ್ಕೆ ಪ್ರೇರಣೆ.

ನಮ್ಮ ಬೆಂಗಳೂರಿನ ಉದಾಹರಣೆ ಇನ್ನೂ ಹಳೆಯದು. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದ ಜಾಸ್ಮೀನ್ ಪಥೇಜಾ 2003ರಲ್ಲಿ ‘ಬ್ಲ್ಯಾಂಕ್ ನಾಯ್ಸ್’ ಆರಂಭಿಸಿದರು. ಬೀದಿಯಲ್ಲಿ ಕಿರುಕುಳಕ್ಕೆ ಒಳಗಾದ ಹೆಣ್ಣುಮಕ್ಕಳಿಂದ, ಅಂದು ತೊಟ್ಟಿದ್ದ ಉಡುಪನ್ನು ಕೇಳಿ ಪಡೆಯುವುದು ಅದರ ಒಂದು ಮುಖ್ಯ ಕಾರ್ಯ. ಸೀರೆ, ಚೂಡಿದಾರ, ಶಾಲೆಯ ಸಮವಸ್ತ್ರಗಳು ಸಾಲಾಗಿ ಕಂಡಾಗ, ತಪ್ಪು ಉಡುಪಿನದೆಂಬ ವಾದ ತಾನಾಗಿ ಬಿದ್ದುಹೋಗುತ್ತದೆ.

ಆದರೆ ಹೆಸರಿಲ್ಲದಿದ್ದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆಯೇ? ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಹುಂಡಿಯಲ್ಲಿ, ಎಣಿಕೆಯ ವೇಳೆ ಹಣದೊಂದಿಗೆ ಭಕ್ತರ ಪತ್ರಗಳೂ ಸಿಗುತ್ತವೆ. ನೌಕರಿ, ಮದುವೆ, ಪರೀಕ್ಷೆ, ಸಂಸಾರದ ಕಲಹ ಎಲ್ಲವೂ ಅವುಗಳಲ್ಲಿರುತ್ತವೆ. ದೇವಿಗೆಂದು ಬರೆದ ಮಾತು ಮರುದಿನ ಸುದ್ದಿಯಾಗಿ, ಓದುಗರ ನಗೆಗೂ ವಸ್ತುವಾಗುತ್ತದೆ. ಬರೆದವರ ನಂಬಿಕೆ ಒಡೆಯುವುದು ಇಲ್ಲಿಯೇ. ಅನಾಮಿಕತೆ ಬರೆಯುವವರು ಹೆಸರನ್ನು ಬಿಡುವುದರಿಂದಷ್ಟೇ ಉಳಿಯುವುದಿಲ್ಲ. ಅದನ್ನು ಕಾಯುವವರು ಪಡೆದುಕೊಂಡವರು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದಲ್ಲಿ ಇಂತಹ ಹಲಗೆಯನ್ನಿಡಲು ಬಯಸಿದರೆ ಈ ಮಾತು ಇನ್ನಷ್ಟು ಮುಖ್ಯ. ನಮ್ಮದು ಪುಟ್ಟ ಬಳಗ; ಒಬ್ಬರ ಕೈಬರಹ ಇನ್ನೊಬ್ಬರಿಗೆ ಪರಿಚಿತ. ಅತ್ತೆ, ಸೊಸೆ, ನೆರೆಮನೆಯವರು ಎಲ್ಲರೂ ಅದೇ ಸಭಾಂಗಣದಲ್ಲಿರುತ್ತಾರೆ. ಆದುದರಿಂದ ಚೀಟಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಪಡೆದು, ಬೇರೊಬ್ಬರು ನಕಲು ಮಾಡಿ ಪ್ರದರ್ಶಿಸುವುದು ಲೇಸು. ಯಾವುದನ್ನು ಪ್ರದರ್ಶಿಸಲಾಗುವುದೆಂದು ಮೊದಲೇ ತಿಳಿಸಬೇಕು. ಇತರರ ಹೆಸರುಗಳನ್ನು ತೆಗೆದುಹಾಕಬೇಕು, ಛಾಯಾಚಿತ್ರ ತೆಗೆಯಗೊಡಬಾರದು. ಸಮಾರಂಭ ಮುಗಿದ ಮೇಲೆ ಚೀಟಿಗಳನ್ನು ನಾಶಪಡಿಸಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬದುಕು ಸಾಕೆಂದು ಯಾರಾದರೂ ಬರೆದರೆ, ಹೆಸರಿಲ್ಲದ ಕಾರಣ ಅವರನ್ನು ಹುಡುಕಿ ಸಂತೈಸಲು ಸಾಧ್ಯವಿಲ್ಲ. ಹೀಗಾಗಿ ಪೆಟ್ಟಿಗೆಯ ಪಕ್ಕದಲ್ಲಿ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಎದ್ದು ಕಾಣುವಂತೆ ಬರೆದಿಡಬೇಕು. ಹಲಗೆ ಕೇವಲ ಕೇಳಿಸಿಕೊಳ್ಳುತ್ತದೆ. ಉತ್ತರಿಸಲು ಮನುಷ್ಯರೇ ಬೇಕು.