ಓಡಾಡುತ್ತಿದ್ದ ಕಿಟಕಿಗಳು

ಜಾಲಪುಟವೊಂದು ತಾನು ಕೂತ ಕಿಟಕಿಯನ್ನೇ ಹೊತ್ತುಕೊಂಡು ಕಂಪ್ಯೂಟರ್ ಪರದೆಯ ತುಂಬ ಓಡಾಡಬಹುದಾಗಿದ್ದ ಕಾಲವೊಂದಿತ್ತು. ತೆರೆದ ಪುಟ ನಾವು ಇಟ್ಟಲ್ಲೇ ಇರುತ್ತದೆ ಎನ್ನುವುದು ಈಗ ಎಷ್ಟು ಸಹಜವಾಗಿದೆಯೆಂದರೆ, ಅದಕ್ಕೂ ಒಂದು ಇತಿಹಾಸವಿದೆ ಎಂದು ಹೊಳೆಯುವುದಿಲ್ಲ.

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಒಂದು ಭಾಷೆಯ ಮೊದಲ ರೂಪವನ್ನು ಬರೆದರು. ಅದೇ ಜಾವಾಸ್ಕ್ರಿಪ್ಟ್ ಆಯಿತು. 1997ರಲ್ಲಿ ನೆಟ್‌ಸ್ಕೇಪ್ 4ರ ಜೊತೆ ಅದಕ್ಕೆ 'ಮೂವ್‌ಟು', 'ಮೂವ್‌ಬೈ' ಎಂಬ ಆಜ್ಞೆಗಳು ಸೇರಿದವು. ಮೊದಲನೆಯದು ಕಿಟಕಿಯನ್ನು ಹೇಳಿದ ಜಾಗಕ್ಕೆ ಒಯ್ಯುತ್ತದೆ. ಎರಡನೆಯದು ಇದ್ದಲ್ಲಿಂದ ಇಷ್ಟು ಪಿಕ್ಸೆಲ್ ಎಂದು ಸರಿಸುತ್ತದೆ. ಲೆಕ್ಕ ಶುರುವಾಗುವುದು ಪರದೆಯ ಎಡಗಡೆಯ ಮೇಲ್ತುದಿಯಿಂದ. ಶಾಲೆಯ ಗ್ರಾಫ್ ಹಾಳೆಗೆ ವಿರುದ್ಧವಾಗಿ, ಇಲ್ಲಿ ಕೆಳಗಿಳಿದಷ್ಟೂ ಸಂಖ್ಯೆ ಏರುತ್ತದೆ. ಕೊಟ್ಟವರಿಗೇ ಸ್ವಲ್ಪ ಅಳುಕಿತ್ತು ಅನ್ನಿಸುತ್ತದೆ. ಕಿಟಕಿಯನ್ನು ಪರದೆಯಾಚೆ ಅಡಗಿಸಲು, 100 ಪಿಕ್ಸೆಲ್‌ಗಿಂತ ಕಿರಿದಾಗಿಸಲು ವಿಶೇಷ ಅನುಮತಿ ಬೇಕಿತ್ತು. ಉಳಿದಂತೆ ಲಂಗುಲಗಾಮಿರಲಿಲ್ಲ.

ಈ ಸ್ವಾತಂತ್ರ್ಯದ ರುಚಿ ಹಿಡಿದವರಲ್ಲಿ ಕಲಾವಿದರೂ ಇದ್ದರು. ಜೋಡಿ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಜೋನ್ ಹೇಮ್ಸ್‌ಕರ್ಕ್ ಮತ್ತು ಡರ್ಕ್ ಪೇಸ್‌ಮನ್ಸ್ (ಕನ್ನಡದ ಕಿವಿಗೆ ಎಂಥ ಹೊಂದುವ ಹೆಸರು!) 1998ರಲ್ಲಿ 'ಓಎಸ್‌ಎಸ್' ಎಂಬ ಕೃತಿ ಮಾಡಿದರು. ಅದನ್ನು ತೆರೆದರೆ ಪುಟ್ಟ ಪುಟ್ಟ ಕಿಟಕಿಗಳು ಹುಟ್ಟಿ, ನಡುಗುತ್ತ ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು. ಮುಚ್ಚೋಣವೆಂದರೆ ಮೌಸ್‌ಗೆ ಸಿಗಬೇಕಲ್ಲ? ವೈರಸ್ ಹೊಕ್ಕಿತೆಂದು ನೋಡಿದವರು ಗಾಬರಿಪಡುವಂತಿತ್ತು. ಪುಟದೊಳಗಿನ ಚಿತ್ರವಲ್ಲ, ಕಿಟಕಿಯ ಚಲನೆಯೇ ಅಲ್ಲಿ ಕಲೆ. ಈ ಯಂತ್ರ ನಿಜಕ್ಕೂ ನಿನ್ನ ಮಾತು ಕೇಳುತ್ತದೆಯೇ ಎಂದು ಅದು ನೋಡುಗರನ್ನು ಕೆಣಕುತ್ತಿತ್ತು.

ಜಾಹೀರಾತಿನವರಿಗೆ ಇಂಥ ಪ್ರಶ್ನೆಗಳಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಅಶ್ಲೀಲ ಪುಟವೊಂದರಲ್ಲಿ ತನ್ನ ಜಾಹೀರಾತು ಕಂಡು ಕಾರು ಕಂಪನಿಯೊಂದು ಕೂಗಾಡಿತು. ಆಗ ಟ್ರೈಪಾಡ್ ತಾಣದಲ್ಲಿದ್ದ ಈಥನ್ ಝುಕರ್‌ಮನ್, ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. ಪಾಪ್-ಅಪ್ ಪೀಡೆ ಹಬ್ಬಿದ್ದು ಹಾಗೆ. 2014ರ ಪ್ರಬಂಧವೊಂದರಲ್ಲಿ ಅವರು ಅದಕ್ಕೆ ಕ್ಷಮೆ ಕೇಳಿದರು. ಅಷ್ಟರಲ್ಲಿ ಬ್ರೌಸರ್‌ಗಳು ಬಾಗಿಲು ಹಾಕಿಯಾಗಿತ್ತು. 2002ರ ಮೊಝಿಲ್ಲಾ 1.0ರಲ್ಲಿ ಪಾಪ್-ಅಪ್ ತಡೆಯುವ ಸೌಲಭ್ಯವಿತ್ತು. 2004ರಲ್ಲಿ ಮೈಕ್ರೋಸಾಫ್ಟ್ ಕೂಡ ಅದೇ ದಾರಿ ಹಿಡಿಯಿತು. 2011ರ ಫೈರ್‌ಫಾಕ್ಸ್ 7 ಇನ್ನೂ ಬಿಗಿ ಮಾಡಿತು: ಸ್ಕ್ರಿಪ್ಟ್ ತಾನೇ ತೆರೆದ ಕಿಟಕಿಯನ್ನಷ್ಟೇ ಸರಿಸಬಹುದು, ಅದರಲ್ಲೂ ಒಂದಕ್ಕಿಂತ ಹೆಚ್ಚು ಟ್ಯಾಬ್ ಇರಕೂಡದು. 'ಮೂವ್‌ಟು' ಭಾಷೆಯಲ್ಲಿ ಇಂದಿಗೂ ಇದೆ. ಸಾಮಾನ್ಯ ಟ್ಯಾಬಿನಲ್ಲಿ ಕರೆದರೆ ತಪ್ಪು ಸಂದೇಶವೂ ಬರುವುದಿಲ್ಲ, ಕಿಟಕಿ ಕದಲುವುದೂ ಇಲ್ಲ.

ಪರದೆ ಅದರ ಮುಂದೆ ಕೂತವರದು. ಹಾಗಾಗಿ ಈ ಬಿಗಿ ನ್ಯಾಯವೇ ಎನ್ನುತ್ತೇನೆ. ಆದರೆ ಜಾಹೀರಾತಿಗೆ ಹಾಕಿದ ಬೇಲಿ ಕಲೆಗೂ ತಾಗಿತು. ಓಟವೇ ಉಸಿರಾಗಿದ್ದ ಕೃತಿಗಳು ನಿಂತುಹೋದವು. ನ್ಯೂಯಾರ್ಕಿನ ರೈಝೋಮ್ ಸಂಸ್ಥೆ 2015ರಲ್ಲಿ, ಹಳೆಯ ಬ್ರೌಸರ್‌ಗಳನ್ನು ಎಮ್ಯುಲೇಟರಿನಲ್ಲಿ ನಡೆಸುವ ತಾಣವೊಂದನ್ನು ತೆರೆಯಿತು. ಅಲ್ಲಿ ಇಂದಿನ ಕದಲದ ಕಿಟಕಿಯೊಳಗೆ ಒಂದು ಹಳೆಯ ನೆಟ್‌ಸ್ಕೇಪ್ ತೆರೆದುಕೊಳ್ಳುತ್ತದೆ.