ಸಂಭೂಯದಿಂದ ಸ್ಪರ್ಧಾ ಕಾಯಿದೆಯವರೆಗೆ: ವರ್ತಕರ ಕೂಟ ಮತ್ತು ಬೆಲೆಯ ಚರಿತ್ರೆ

ಜನಪದರ ಮೌಲ್ಯಪ್ರಪಂಚದಲ್ಲಿ ಒಗ್ಗಟ್ಟಿಗೆ ಹಿರಿಯ ಸ್ಥಾನವಿದೆ. ಬಿಡಿ ಕಡ್ಡಿಯನ್ನು ಮುರಿಯಬಹುದು, ಕಟ್ಟಿಗೆಯ ಹೊರೆಯನ್ನು ಮುರಿಯಲಾಗದು ಎಂಬ ಕಥೆಯನ್ನು ಕೇಳದ ಮಕ್ಕಳು ವಿರಳ. ಆದರೆ ಸಂತೆಯಲ್ಲಿ ನಾಲ್ವರು ವ್ಯಾಪಾರಿಗಳು ಒಂದೇ ಬೆಲೆಗೆ ಅಂಟಿಕೊಂಡು ನಿಂತಾಗ ಇದೇ ಜನ ಅದನ್ನು ಒಗ್ಗಟ್ಟೆಂದು ಹೊಗಳುವುದಿಲ್ಲ. ‘ಒಳಗೊಳಗೇ ಮಾತಾಡಿಕೊಂಡಿದ್ದಾರೆ’ ಎಂದು ಆಡಿಕೊಳ್ಳುತ್ತಾರೆ. ಕೂಡುವ ಕ್ರಿಯೆ ಒಂದೇ ಆದರೂ ಒಂದು ಮೆಚ್ಚುಗೆಗೆ, ಇನ್ನೊಂದು ಆಕ್ಷೇಪಕ್ಕೆ ಪಾತ್ರವಾಗುತ್ತದೆ. ಈ ವ್ಯತ್ಯಾಸವನ್ನು ಗುರುತಿಸುವುದೇ ಇಂದು ಸ್ಪರ್ಧಾ ಕಾಯಿದೆ ಎಂದು ಕರೆಯಲಾಗುವ ಕಾನೂನಿನ ಮುಖ್ಯ ಕೆಲಸ. ಈ ಕಾನೂನಿನ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದ 1890ರ ಷರ್ಮನ್ ಕಾಯಿದೆಯಿಂದ ಆರಂಭಿಸುವುದು ರೂಢಿ. ಆದರೆ ಅದರ ಮೂಲಪ್ರಶ್ನೆ ಈ ನೆಲದ ಶಾಸ್ತ್ರ, ಶಾಸನ ಮತ್ತು ಸಂತೆಗಳಲ್ಲಿ ಬಹು ಹಿಂದೆಯೇ ಎದ್ದಿತ್ತು. ಆ ಪ್ರಶ್ನೆ ಸಾಗಿಬಂದ ದಾರಿಯನ್ನು ಕರ್ನಾಟಕದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರಗ್ರಂಥಗಳಲ್ಲಿ ಕೂಟ

ಕೌಟಿಲ್ಯನ ಅರ್ಥಶಾಸ್ತ್ರವು ಆಧುನಿಕ ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಈ ಗ್ರಂಥದ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ, ವರ್ತಕರು ಒಂದುಗೂಡಿ ಸರಕನ್ನು ತಡೆಹಿಡಿದರೆ ಅಥವಾ ಯೋಗ್ಯವಲ್ಲದ ಬೆಲೆಗೆ ಮಾರಿದರೆ 1000 ಪಣಗಳ ದಂಡವನ್ನು ವಿಧಿಸಲಾಗಿದೆ. ಕುಶಲಕರ್ಮಿಗಳು ಕೂಡಿಕೊಂಡು ಕೆಲಸದ ಗುಣಮಟ್ಟವನ್ನು ತಗ್ಗಿಸಿದರೂ ಕೊಳ್ಳುವ ಮಾರುವ ವ್ಯವಹಾರಕ್ಕೆ ಅಡ್ಡಿಯಾದರೂ ದಂಡ ಅಷ್ಟೇ. ಕಳ್ಳರು, ಮೋಸಗಾರರು ಮೊದಲಾದ ಸಮಾಜಕಂಟಕರನ್ನು ಕುರಿತ ಭಾಗದಲ್ಲಿಯೇ ಈ ವಿಧಿಯನ್ನು ಇರಿಸಿರುವುದು ಗಮನಾರ್ಹ.

ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಇದೇ ಅಪರಾಧಕ್ಕೆ ಉತ್ತಮ ಸಾಹಸವೆಂಬ ಅತ್ಯುನ್ನತ ವರ್ಗದ ದಂಡವನ್ನು ಹೇಳಲಾಗಿದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನ ರಚಿತವಾದದ್ದು ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದರ ಕರ್ತೃ ವಿಜ್ಞಾನೇಶ್ವರನು ಅಪರಾಧದ ಎರಡು ಮುಖಗಳನ್ನು ಬಿಡಿಸಿ ತೋರಿಸುತ್ತಾನೆ. ಪರದೇಶದಿಂದ ಬಂದ ಸರಕನ್ನು ವರ್ತಕರು ಕೂಡಿಕೊಂಡು ಕಡಿಮೆ ಬೆಲೆಗೆ ಕೇಳಿ ತಡೆಯುವುದು ಒಂದು. ಕೂಡಿಕೊಂಡು ಹೆಚ್ಚಿನ ಬೆಲೆಗೆ ಮಾರುವುದು ಇನ್ನೊಂದು. ಮಾರುವವರ ಕೂಟ ಮಾತ್ರವಲ್ಲದೆ ಕೊಳ್ಳುವವರ ಕೂಟವೂ ದಂಡಾರ್ಹವೆಂಬ ತಿಳಿವಳಿಕೆ ಇಲ್ಲಿದೆ. ದೂರದ ಊರಿನಿಂದ ಸರಕು ತಂದವನು ಅದನ್ನು ಮರಳಿ ಹೊತ್ತೊಯ್ಯಲಾರ ಎಂಬುದೇ ಕೊಳ್ಳುವವರ ಕೂಟಕ್ಕಿರುವ ಬಲ.

ಆದರೆ ಇದೇ ಸ್ಮೃತಿ ಕೂಟಗಳ ವಿರೋಧಿಯಲ್ಲ. ಶ್ರೇಣಿ, ನೈಗಮ ಮೊದಲಾದ ಸಮೂಹಗಳು ಮಾಡಿಕೊಂಡ ಒಡಂಬಡಿಕೆಯನ್ನು, ಅಂದರೆ ಸಂವಿದವನ್ನು, ಅದು ಮಾನ್ಯ ಮಾಡುತ್ತದೆ. ಸಂವಿದವನ್ನು ಮುರಿದವನ ಸರ್ವಸ್ವವನ್ನು ಕಿತ್ತುಕೊಂಡು ಗಡೀಪಾರು ಮಾಡಬೇಕೆನ್ನುತ್ತದೆ. ಹಲವರು ಬಂಡವಾಳ ಕೂಡಿಸಿ ನಡೆಸುವ ಪಾಲುದಾರಿಕೆಗೆ ಸಂಭೂಯಸಮುತ್ಥಾನ ಎಂಬ ಪ್ರತ್ಯೇಕ ಪ್ರಕರಣವೇ ಇದ್ದು, ಲಾಭನಷ್ಟಗಳ ಹಂಚಿಕೆಗೆ ನಿಯಮಗಳಿವೆ. ‘ಸಂಭೂಯ’ ಎಂದರೆ ‘ಕೂಡಿಕೊಂಡು’. ದಂಡ ವಿಧಿಸುವ ಶ್ಲೋಕಗಳಲ್ಲಿ ಬರುವ ಪದವೂ ಇದೇ. ದುಡಿಮೆಯನ್ನೂ ಅಪಾಯವನ್ನೂ ಹಂಚಿಕೊಳ್ಳಲು ಕೂಡಿದವರಿಗೆ ರಕ್ಷಣೆ, ಮೂರನೆಯವನನ್ನು ಹಿಂಡಲು ಕೂಡಿದವರಿಗೆ ದಂಡ ಎಂಬ ವಿವೇಕವು ಒಂದೇ ಪದದ ಎರಡು ಪ್ರಯೋಗಗಳಲ್ಲಿ ಅಡಗಿದೆ.

ಅಯ್ಯಾವೊಳೆಯ ಐನೂರ್ವರು

ಮಿತಾಕ್ಷರದ ಕಾಲದಲ್ಲಿಯೇ ಕನ್ನಡ ನಾಡಿನ ವರ್ತಕ ಸಂಘಗಳು ಉಚ್ಛ್ರಾಯದಲ್ಲಿದ್ದವು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ವೀರಬಣಂಜು ಧರ್ಮದ ಪರಿಪಾಲಕರೆಂದು ಶಾಸನಗಳಲ್ಲಿ ತಮ್ಮನ್ನು ಕೊಂಡಾಡಿಕೊಂಡಿದ್ದಾರೆ. ತಮಿಳಿನಲ್ಲಿ ಐನ್ನೂಱ್ಱುವರ್ ಎಂದು ಕರೆಯಲಾಗುವ ಈ ಸಂಘದ 1088ರ ಶಾಸನವೊಂದು ಸುಮಾತ್ರಾದ ಬಾರುಸ್ ಬಳಿ ದೊರೆತಿರುವುದು ಅದರ ವ್ಯಾಪ್ತಿಗೆ ಸಾಕ್ಷಿ. ನಕರ, ಮುಮ್ಮುರಿದಂಡ, ಉಭಯ ನಾನಾದೇಶಿ ಮೊದಲಾದ ಸಮೂಹಗಳ ಹೆಸರುಗಳೂ ಇದರೊಡನೆ ಬರುತ್ತವೆ.

ಈ ಶಾಸನಗಳ ಮುಖ್ಯ ವಸ್ತು ದಾನ. ಹೇರಿಗಿಷ್ಟು, ಗಾಣಕ್ಕಿಷ್ಟು, ಅಂಗಡಿಗಿಷ್ಟು ಎಂದು ವರ್ತಕರು ತಾವೇ ತೆರಿಗೆ ಹಾಕಿಕೊಂಡು ದೇವಾಲಯಕ್ಕೆ ಬಿಟ್ಟ ವಿವರಗಳು ಹೇರಳವಾಗಿವೆ. ಬೆಲೆಯನ್ನು ಗುಟ್ಟಾಗಿ ಕಟ್ಟಿದ ಒಪ್ಪಂದವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲವಾದ್ದರಿಂದ ಅಂತಹ ಉಲ್ಲೇಖವನ್ನು ಅಲ್ಲಿ ಹುಡುಕುವುದು ವ್ಯರ್ಥ. ಆದರೆ ಪ್ರತಿ ಹೇರಿನ ಮೇಲೂ ಎಲ್ಲರಿಂದ ದಾನ ವಸೂಲು ಮಾಡಬಲ್ಲ ಸಂಘಕ್ಕೆ, ಬೇಕೆಂದರೆ ಬೆಲೆಯ ಮೇಲೂ ಎಲ್ಲರನ್ನು ಕಟ್ಟಿಹಾಕುವ ಶಕ್ತಿ ಇರುತ್ತದೆ. ದಾರಿಯ ರಕ್ಷಣೆ, ದಾನ, ಕೆರೆಯಂತಹ ಲೋಕೋಪಕಾರಗಳಿಗೂ ಬೆಲೆಯ ಕಟ್ಟಿಗೂ ಬೇಕಾದ ಸಂಘಟನೆ ಒಂದೇ ಬಗೆಯದು. ಧರ್ಮಶಾಸ್ತ್ರವು ಸಂಘವನ್ನು ಒಡೆಯದೆ ಅದರ ಒಂದು ಕೃತ್ಯವನ್ನು ಮಾತ್ರ ದಂಡನೆಗೆ ಗುರಿಪಡಿಸಿದ್ದರ ಔಚಿತ್ಯ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ.

ವಲ್ಲಿಯ ಮರೆಯ ಬೆರಳು

ಮಹಾ ಸಂಘಗಳು ಮರೆಯಾದ ಮೇಲೂ ಸಂತೆ, ಜಾತ್ರೆಗಳ ವ್ಯಾಪಾರ ತನ್ನದೇ ಕಟ್ಟಳೆಗಳೊಂದಿಗೆ ಮುಂದುವರಿಯಿತು. ದನಗಳ ಜಾತ್ರೆಗಳಲ್ಲಿ ದಲ್ಲಾಳಿಯು ಟವಲು ಅಥವಾ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ಜಾನಪದ ಅಧ್ಯಯನಕಾರರಿಗೆ ಪರಿಚಿತವಾದದ್ದು. ಇದನ್ನು ಕೇವಲ ಕೌತುಕದ ಆಚರಣೆಯೆಂದು ದಾಖಲಿಸುವುದು ವಾಡಿಕೆ. ಆದರೆ ಬೆಲೆಯ ತಿಳಿವು ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. ಸುತ್ತಲಿನವರಿಗೆ ಬೆಲೆ ತಿಳಿಯದಿರುವುದು ಒಂದು ಅರ್ಥದಲ್ಲಿ ಪೈಪೋಟಿಗೆ ಪೂರಕ. ಕೂಟದಲ್ಲಿದ್ದವನು ಮಾತು ಮುರಿದು ಒಂದು ಬೆರಳು ಹೆಚ್ಚು ಒತ್ತಿದರೆ ಉಳಿದವರಿಗೆ ಗೊತ್ತಾಗದು. ಆದರೆ ಇಬ್ಬರ ಬೆರಳೂ ಬಲ್ಲ ದಲ್ಲಾಳಿಯೇ ಮಾರುವವನನ್ನು ಕತ್ತಲಲ್ಲಿಟ್ಟರೆ ಅದೇ ಮರೆ ಸುಲಿಗೆಯ ಸಾಧನವಾಗುತ್ತದೆ.

ಧಾನ್ಯ, ಹತ್ತಿಗಳ ವ್ಯಾಪಾರದಲ್ಲಿ ರೈತ ಅನುಭವಿಸಿದ್ದು ಈ ಎರಡನೆಯದನ್ನು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗವು 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಮೈಸೂರು ಸಂಸ್ಥಾನ ಮತ್ತು ಮುಂಬಯಿ ಪ್ರಾಂತಗಳೆರಡರಲ್ಲೂ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆಗಳು ಬಂದವು. ಏಕೀಕರಣಾನಂತರ 1966ರ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ರೂಪಿಸಿತು. ಬಹಿರಂಗ ಹರಾಜು, ಮುಚ್ಚಿದ ಟೆಂಡರು, ಅಧಿಕೃತ ತೂಕಗಳು ಮರೆಯ ವ್ಯಾಪಾರದ ಜಾಗಕ್ಕೆ ಬಂದವು. 2014ರಲ್ಲಿ ರಾಜ್ಯವು ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಆನ್‌ಲೈನ್ ಟೆಂಡರನ್ನು ಆರಂಭಿಸಿತು. ಖರೀದಿದಾರರ ಬೆಲೆ ಪರಸ್ಪರರಿಗೆ ಗುಟ್ಟಾಗಿದ್ದು ಕೊನೆಗೆ ರೈತನಿಗೆ ಬಯಲಾಗುವ ಈ ಕ್ರಮವನ್ನು, ವಲ್ಲಿಯನ್ನು ಉಳಿಸಿಕೊಂಡು ದಲ್ಲಾಳಿಯ ಬೆರಳನ್ನು ಮಾತ್ರ ತೆಗೆದ ವ್ಯವಸ್ಥೆ ಎನ್ನಬಹುದು. ಆದರೂ ಮಂಡಿಯಲ್ಲಿ ಖರೀದಿದಾರರೇ ಕೆಲವರಿದ್ದು ಮೊದಲೇ ಮಾತಾಡಿಕೊಂಡರೆ ಯಾವ ಯಂತ್ರವೂ ಪೈಪೋಟಿಯನ್ನು ಸೃಷ್ಟಿಸಲಾರದು.

ಸ್ವತಂತ್ರ ಭಾರತದ ಕಾಯಿದೆಗಳು

ಸಂಪತ್ತು ಸಾಮಾನ್ಯರಿಗೆ ಹಾನಿಯಾಗುವಂತೆ ಕೆಲವರಲ್ಲಿ ಶೇಖರಗೊಳ್ಳಬಾರದೆಂದು ಸಂವಿಧಾನದ 39ನೆಯ ಅನುಚ್ಛೇದ ನಿರ್ದೇಶಿಸುತ್ತದೆ. ಈ ಆಶಯದಿಂದ ರೂಪುಗೊಂಡ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ, 1969ರ ದೃಷ್ಟಿ ಮುಖ್ಯವಾಗಿ ಉದ್ಯಮಗಳ ಗಾತ್ರದ ಮೇಲಿತ್ತು. 1991ರ ತಿದ್ದುಪಡಿ ದೊಡ್ಡ ಉದ್ಯಮಗಳ ವಿಸ್ತರಣೆ ಮತ್ತು ವಿಲೀನಗಳಿಗೆ ಬೇಕಿದ್ದ ಪೂರ್ವಾನುಮತಿಯನ್ನು ತೆಗೆದುಹಾಕಿತು. 1999ರಲ್ಲಿ ನೇಮಕಗೊಂಡ ಎಸ್.ವಿ.ಎಸ್. ರಾಘವನ್ ಸಮಿತಿಯ ಶಿಫಾರಸಿನಂತೆ ಸ್ಪರ್ಧಾ ಕಾಯಿದೆ, 2002 ಬಂದಿತು. ದೊಡ್ಡದಾಗಿರುವುದು ತಪ್ಪಲ್ಲ, ದೊಡ್ಡಸ್ತಿಕೆಯನ್ನು ದುರುಪಯೋಗಪಡಿಸಿಕೊಳ್ಳುವುದು ತಪ್ಪು ಎಂಬುದು ಅದರ ನಿಲುವು.

‘ಸೆಟ್ಟಿ ಸಿಂಗಾರವಾಗುವುದರೊಳಗೆ ಪಟ್ಟಣ ಹಾಳಾಯಿತು’ ಎಂಬ ಗಾದೆ ಈ ಕಾಯಿದೆಯ ಜಾರಿಗೆ ಒಪ್ಪುತ್ತದೆ. 2003ರಲ್ಲಿ ಆಯೋಗ ಸ್ಥಾಪನೆಯಾದರೂ ಅದರ ರಚನೆಯ ಬಗೆಗಿನ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2007ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಬೇಕಾಯಿತು. ಕಾರ್ಟೆಲ್‌ಗಳನ್ನು ಕುರಿತ ಕಲಮುಗಳು 2009ರ ಮೇ 20ರಂದು, ವಿಲೀನಗಳನ್ನು ಕುರಿತವು 2011ರ ಜೂನ್ 1ರಂದು ಜಾರಿಗೆ ಬಂದವು. ಕಾಯಿದೆಯ 3ನೆಯ ಕಲಮು ಬೆಲೆ ಕಟ್ಟುವುದು, ಉತ್ಪಾದನೆ ಅಥವಾ ಪೂರೈಕೆಯನ್ನು ಮಿತಿಗೊಳಿಸುವುದು, ಮಾರುಕಟ್ಟೆಯನ್ನು ಹಂಚಿಕೊಳ್ಳುವುದು, ಟೆಂಡರಿನಲ್ಲಿ ಒಳಒಪ್ಪಂದ ಎಂಬ ನಾಲ್ಕನ್ನು ಹೆಸರಿಸುತ್ತದೆ. ದಕ್ಷತೆಯನ್ನು ಹೆಚ್ಚಿಸುವ ಜಂಟಿ ಉದ್ಯಮಗಳಿಗೆ ಅಲ್ಲಿಯೇ ವಿನಾಯಿತಿಯೂ ಇದೆ. ಸಂಭೂಯಸಮುತ್ಥಾನವನ್ನು ಉಳಿಸಿ ಬೆಲೆಯ ಕೂಟವನ್ನು ದಂಡಿಸಿದ ಹಳೆಯ ವಿಭಜನೆಯೇ ಇಲ್ಲಿ ಬೇರೆ ಭಾಷೆಯಲ್ಲಿ ಕಾಣಿಸಿಕೊಂಡಿದೆ.

ಗೋದಾಮಿನ ಧಾನ್ಯವನ್ನು ಹುಳುಗಳಿಂದ ಕಾಪಾಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಿಗಾಗಿ ಭಾರತ ಆಹಾರ ನಿಗಮ 2009ರಲ್ಲಿ ಕರೆದ ಟೆಂಡರಿನಲ್ಲಿ ಮೂರು ಕಂಪನಿಗಳು ಕಿಲೋಗೆ 388 ರೂಪಾಯಿ ಎಂಬ ಒಂದೇ ಬೆಲೆಯನ್ನು ನಮೂದಿಸಿದ್ದವು. ಇದು ಕಾಕತಾಳೀಯವಲ್ಲವೆಂಬ ಆಯೋಗದ ತೀರ್ಮಾನವನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. ದಂಡವನ್ನು ಮಾತ್ರ ಆ ಸರಕಿನ ವಹಿವಾಟಿಗೆ ಸೀಮಿತಗೊಳಿಸಬೇಕೆಂದಿತು. 2023ರ ತಿದ್ದುಪಡಿಯು ವಹಿವಾಟೆಂದರೆ ಕಂಪನಿಯ ಜಾಗತಿಕ ವಹಿವಾಟು ಎಂದು ವ್ಯಾಖ್ಯಾನಿಸಿ ಈ ಮಿತಿಯನ್ನು ಸಡಿಲಿಸಿತು. 2012ರಲ್ಲಿ ಸಿಮೆಂಟ್ ಕಂಪನಿಗಳ ಮೇಲೆ ವಿಧಿಸಿದ, 6,000 ಕೋಟಿ ರೂಪಾಯಿಗೂ ಮೀರಿದ ದಂಡವು ಮೇಲ್ಮನವಿಯಲ್ಲಿ ರದ್ದಾಗಿ, 2016ರಲ್ಲಿ ಆಯೋಗವು ಪ್ರಕರಣವನ್ನು ಮತ್ತೆ ಆಲಿಸಿ ಮತ್ತೆ ದಂಡ ವಿಧಿಸಿತು.

ಕೂಟವನ್ನು ಒಳಗಿನಿಂದಲೇ ಒಡೆಯುವ ಉಪಾಯವೂ ಕಾಯಿದೆಯಲ್ಲಿದೆ. ಕಾರ್ಟೆಲ್‌ನ ಗುಟ್ಟನ್ನು ಮೊದಲು ಬಿಟ್ಟುಕೊಟ್ಟ ಸದಸ್ಯನಿಗೆ ದಂಡ ಪೂರ್ಣ ಮಾಫಿಯಾಗುವ ಅವಕಾಶವಿದೆ. ಸಂವಿದ ಮುರಿದವನನ್ನು ಸ್ಮೃತಿ ಗಡೀಪಾರು ಮಾಡಿತ್ತು. ಆಧುನಿಕ ಕಾನೂನು ಅವನಿಗೆ ರಿಯಾಯಿತಿ ಕೊಡುತ್ತದೆ. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಮರಳಿದ ಪುಣ್ಯಕೋಟಿಯನ್ನು ಆರಾಧಿಸುವ ಜನಪದ ನೀತಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಪುಣ್ಯಕೋಟಿ ಪಣವಾಗಿಟ್ಟದ್ದು ತನ್ನ ಪ್ರಾಣವನ್ನು. ಕಾರ್ಟೆಲ್‌ನ ಮಾತು ನಿಂತಿರುವುದು ಪರರ ಗಂಟಿನ ಮೇಲೆ.

ಭಾಷೆಯ ಹೆಸರಿನ ಒಗ್ಗಟ್ಟು

ಈ ಚರಿತ್ರೆಯ ಅತ್ಯಂತ ಕಠಿಣ ಪ್ರಶ್ನೆ ಎದುರಾದದ್ದು ಕನ್ನಡ ಚಿತ್ರೋದ್ಯಮದಲ್ಲಿ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯು ಕನ್ನಡ ಕಲಾವಿದರ ಬದುಕನ್ನೂ ಭಾಷೆಯ ಅಸ್ಮಿತೆಯನ್ನೂ ಕಾಯುವ ಒಗ್ಗಟ್ಟಾಗಿ ಹುಟ್ಟಿತು. ದಶಕಗಳ ಬಳಿಕ, ಡಬ್ಬಿಂಗ್‌ಗೆ ಅಡ್ಡಿಪಡಿಸಲಾಗುತ್ತಿದೆಯೆಂದು ಕನ್ನಡ ಗ್ರಾಹಕರ ಕೂಟವು ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಉದ್ಯಮದ ಸಂಘಗಳ ಕ್ರಮ ಸ್ಪರ್ಧಾವಿರೋಧಿಯೆಂದು ಆಯೋಗ 2015ರಲ್ಲಿ ತೀರ್ಮಾನಿಸಿ ದಂಡ ವಿಧಿಸಿತು. ಮಹಾಭಾರತ ಧಾರಾವಾಹಿಯ ಬಂಗಾಳಿ ಅವತರಣಿಕೆಯ ಪ್ರಸಾರಕ್ಕೆ ಅಡ್ಡಿಪಡಿಸಿದ ಪಶ್ಚಿಮ ಬಂಗಾಳದ ಕಲಾವಿದರ ಸಮಿತಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಇದೇ ದಿಕ್ಕಿನ ತೀರ್ಪು ನೀಡಿತು.

ಎರಡು ಕಡೆಯವರೂ ಕನ್ನಡದ ಹೆಸರಿನಲ್ಲಿಯೇ ವಾದಿಸಿದರೆಂಬುದು ಈ ವ್ಯಾಜ್ಯದ ವಿಶೇಷ. ಕನ್ನಡದಲ್ಲಿ ದುಡಿಯುವವರ ಹಿತ ಒಂದೆಡೆ, ಲೋಕದ ಚಿತ್ರಗಳನ್ನು ಕನ್ನಡದಲ್ಲಿಯೇ ನೋಡಬಯಸುವವರ ಹಿತ ಇನ್ನೊಂದೆಡೆ. ಕಲಾವಿದರ ಭಯ ಸುಳ್ಳಾಗಿರಲಿಲ್ಲ. ಆದರೆ ಜನರನ್ನು ಒಲಿಸಿ ಗೆಲ್ಲುವುದು ಬೇರೆ, ಆಯ್ಕೆಯ ಬಾಗಿಲನ್ನೇ ಮುಚ್ಚುವುದು ಬೇರೆ ಎಂಬ ಗೆರೆಯನ್ನು ಕಾನೂನು ಎಳೆಯಿತು.

ವಿಲೀನ ಮತ್ತು ಸಹಕಾರ

ಒಳಒಪ್ಪಂದದಿಂದ ಸಾಧಿಸುವುದನ್ನು ಒಂದೇ ಸಂಸ್ಥೆಯಾಗಿ ಬೆರೆತು ಸಾಧಿಸಬಹುದಾದ್ದರಿಂದ ಕಾನೂನು ವಿಲೀನಗಳನ್ನೂ ಪರಿಶೀಲಿಸುತ್ತದೆ. ನಿಗದಿತ ಮಿತಿ ಮೀರಿದ ವಿಲೀನಗಳಿಗೆ ಆಯೋಗದ ಪೂರ್ವಾನುಮತಿ ಬೇಕು. 2024ರ ಸೆಪ್ಟೆಂಬರ್‌ನಿಂದ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಸಂಸ್ಥೆಯ ಖರೀದಿಯ ಮೌಲ್ಯ 2,000 ಕೋಟಿ ರೂಪಾಯಿ ಮೀರಿದರೂ ತಿಳಿಸಬೇಕಾಗುತ್ತದೆ. ಇದರ ಎದುರಿಗೆ ಇಡಬಹುದಾದ ಉದಾಹರಣೆ ಸಹಕಾರ ಸಂಘಗಳದು. ಅಡಕೆಯ ಬೆಲೆ ಕುಸಿದಿದ್ದ ದಿನಗಳಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕರ್ನಾಟಕ ಕೇರಳಗಳ ಬೆಳೆಗಾರರು ಕೂಡಿ ತಾವೇ ಖರೀದಿದಾರರಾಗಿ ಮಾರುಕಟ್ಟೆಗಿಳಿದಾಗ ಅಲ್ಲಿ ಪೈಪೋಟಿ ಕಡಿಮೆಯಾಗಲಿಲ್ಲ; ಕೊಳ್ಳುವವರ ಸಾಲಿಗೆ ಹೊಸಬನೊಬ್ಬ ಸೇರಿದ.

ಮೇಲಿನ ವಿವೇಚನೆಯಿಂದ ಒಂದು ಅಂಶ ಖಚಿತವಾಗುತ್ತದೆ. ಕೂಟವನ್ನು ತೂಗಬೇಕಾದದ್ದು ಅದರೊಳಗಿನವರ ಒಗ್ಗಟ್ಟಿನಿಂದಲ್ಲ, ಹೊರಗೆ ನಿಂತವನ ಸ್ಥಿತಿಯಿಂದ: ಸರಕು ಹೊತ್ತು ಬಂದ ಪರದೇಶಿ, ಮಂಡಿಯಲ್ಲಿ ಚೀಲ ಇಳಿಸಿದ ರೈತ, ಟಿಕೆಟ್ಟು ಕೊಳ್ಳುವ ಪ್ರೇಕ್ಷಕ. ಕಲ್ಯಾಣದ ವ್ಯಾಖ್ಯಾನಕಾರನಿಗೆ ಕಂಡಿದ್ದ ಆ ಮೂರನೆಯವನನ್ನು ಕಾಣಲು ಸಂತೆಯ ಕಟ್ಟಳೆ, ದಲ್ಲಾಳಿಯ ಸಂಕೇತ, ವ್ಯಾಪಾರದ ಗಾದೆಗಳಂತಹ ಜನಪದ ದಾಖಲೆಗಳು ಕಾನೂನಿನ ಕಡತಗಳಷ್ಟೇ ಅಗತ್ಯವಾದ ಆಕರಗಳಾಗಿವೆ. ಅವುಗಳನ್ನು ಈ ದೃಷ್ಟಿಯಿಂದ ಸಂಗ್ರಹಿಸುವ, ವಿಶ್ಲೇಷಿಸುವ ಕೆಲಸ ಕರ್ನಾಟಕದ ಪ್ರತಿ ಮಾರುಕಟ್ಟೆ ಪಟ್ಟಣದಲ್ಲಿಯೂ ನಡೆಯಬೇಕಾಗಿದೆ.